ದೂಮಪ್ಪನವರ ಮಳೆಪುಸ್ತಕ

ಮಸ್ಕತ್ತಿನ ಹಮ್ರಿಯಾ ಬಡಾವಣೆಯ ನಮ್ಮ ಕಟ್ಟಡದ ತಾರಸಿಯ ಮೇಲೆ, ಡಿಶ್ ಆಂಟೆನಾಗಳ ನಡುವೆ, ಒಂದು ಮಳೆಮಾಪಕ ಇದೆ. ಒಮಾನಿನಲ್ಲಿ ಮಳೆಮಾಪಕ ಇಟ್ಟವರ ತಲೆ ಸರಿ ಇದೆಯೇ ಎಂದು ನೀವು ಕೇಳಬಹುದು. ನಾನು ಪಕ್ಕದ ಮನೆಯವನು, ಎದುರಿಗೇ ಕೇಳಿದ್ದೇನೆ.

ಸುಳ್ಯದ ಕಡೆಯ ಕೆಲವು ಮನೆಗಳಲ್ಲಿ ಮಳೆ ಅಳೆದು ಬರೆದಿಡುವುದು ಹಲ್ಲುಜ್ಜಿದಷ್ಟೇ ಸಹಜ. ದೂಮಪ್ಪನವರು ಅಂಥ ಮನೆಯವರು. ಊರಾಚೆ ರುಸೈಲ್‌ನ ಕಾರ್ಖಾನೆಯೊಂದಕ್ಕೆ ಸ್ಟೋರ್ ಕೀಪರ್ ಆಗಿ ಬರುವಾಗ ಉಪ್ಪಿನಕಾಯಿ ಜೊತೆ ಮಾಪಕವನ್ನೂ ತಂದರು. ದಿನಾ ಬೆಳಿಗ್ಗೆ ನೋಡಿ ಪುಸ್ತಕದಲ್ಲಿ ಬರೆದು, ಊರಿನ ಮಳೆ ಬರೆಯುವವರ ವಾಟ್ಸ್ಆ್ಯಪ್ ಗುಂಪಿಗೆ ಹಾಕಬೇಕು. ಹದಿನೇಳು ವರ್ಷದಲ್ಲಿ ಒಂದು ದಿನವೂ ತಪ್ಪಿಲ್ಲ. ಅವರು ರಜೆಗೆ ಹೋದರೆ ಆ ಕೆಲಸ ನನ್ನ ತಲೆಗೆ.

“ಸೊನ್ನೆ ಬರೀಲಿಕ್ಕೆ ಒಂದು ಪುಸ್ತಕ ಬೇರೆ!” ಎಂದು ಅವರ ಹೆಂಡತಿ ಲಲಿತಮ್ಮ ಗೊಣಗುತ್ತಿದ್ದರು.

ಹಿಂದೆ ಅಮೆರಿಕದ ಕಾಡು, ನದಿ ಶೋಧಿಸಲು ಹೊರಟವರು ತಮ್ಮ ದಿನಚರಿಯಲ್ಲಿ ‘ಇಂದೂ ಮಳೆ, ಬಟ್ಟೆ ಒಣಗಲಿಲ್ಲ’ ಎಂದು ಗೋಳಾಡಿದ್ದಾರಂತೆ. ಎಲ್ಲೋ ಓದಿದ್ದನ್ನು ಹೇಳಿದೆ. ದೂಮಪ್ಪನವರಿಗೆ ಹೊಟ್ಟೆಯುರಿ.

“ಪುಣ್ಯವಂತರು ಮಾರಾಯ್ರೆ!”

ಕೊನೆಗೂ ಒಂದು ಮಂಗಳವಾರ ಬೆಳಿಗ್ಗೆ ಮಳೆ ಹಿಡಿಯಿತು. ರುಸೈಲ್‌ನಲ್ಲಿ ಎಲ್ಲರೂ ಮನೆಗೆ ಹೋಗಲು ಬೇಗ ಬಸ್ ಹತ್ತಿದರೆ ಇವರು ಅಲ್ಲೇ ಉಳಿದು ನಕ್ಕರಂತೆ: “ಇದೂ ಒಂದು ಮಳೆಯಾ? ನಮ್ಮಲ್ಲಿ ಇದಕ್ಕೆ ಕೊಡೆ ಸಹ ಬಿಡಿಸುವುದಿಲ್ಲ.” ಕರಾವಳಿಯವರ ಜಂಬ! ಒಂದು ಗಂಟೆಯಲ್ಲಿ ಒಣಹಳ್ಳಗಳೆಲ್ಲ ಉಕ್ಕಿ ರಸ್ತೆ ಮುಚ್ಚಿತು, ಫೋನೂ ಸತ್ತಿತು. ಕಾರ್ಖಾನೆಯಲ್ಲೇ ಸಿಕ್ಕಿಬಿದ್ದ ಅವರಿಗೆ ಒಂದೇ ಚಿಂತೆ. ಹದಿನೇಳು ವರ್ಷ ಕಾದ ದೊಡ್ಡ ಮಳೆ, ಅಳೆಯಲು ತಾನೇ ಇಲ್ಲ. ಮಾಪಕ ತುಂಬಿ ಹರಿದರೆ ಲೆಕ್ಕವೆಲ್ಲ ನೀರುಪಾಲು.

ಮರುದಿನ ಮಧ್ಯಾಹ್ನ ಮನೆಗೆ ಬಂದವರು ಶೂ ಕೂಡ ಬಿಚ್ಚದೆ, “ಮಾಪಕ ನೋಡಿದ್ದೀಯಾ?” ಎಂದರು. ನನ್ನ ಆಫೀಸಿನಲ್ಲಿ ಸಿಕ್ಕಿಬಿದ್ದು ಆಗಷ್ಟೇ ಮರಳಿ, ವಿಚಾರಿಸಲು ಬಂದ ನಾನೂ ಅಲ್ಲೇ ಇದ್ದೆ. ಲಲಿತಮ್ಮ ಪುಸ್ತಕ ತೋರಿಸಿದರು. ಅಂಕಿ ಬರೆಯುವ ಜಾಗದಲ್ಲಿ ಅವರ ಅಕ್ಷರ ಸಾಲು ಮೀರಿ ಹರಿದಿತ್ತು: ‘ಚೆಲ್ಲಿದೆ. ಫೋನ್ ತಾಗುವುದಿಲ್ಲ. ಪುನಃ ಚೆಲ್ಲಿದೆ. ರಸ್ತೆ ಕಾಣುವುದಿಲ್ಲ. ಪುನಃ ಚೆಲ್ಲಿದೆ. ಬಸ್ ಬರಲಿಲ್ಲ...’

“ಎಷ್ಟು ಅಂತ ನೋಡದೆ ಚೆಲ್ಲಿದ್ದಾ?”

ಲಲಿತಮ್ಮನ ಕಣ್ಣು ತುಂಬಿತು. “ನಾನು ಮೇಲೆ ಹೋದದ್ದು ಮಳೆ ನೋಡಲಿಕ್ಕಾ? ನೀವು ಬರ್ತೀರಾ ಅಂತ ನೋಡಲಿಕ್ಕೆ. ಹೇಗೂ ಹೋದದ್ದಲ್ಲಾ, ನಿಮ್ಮ ಡಬ್ಬ ತುಂಬುವುದು ಬೇಡ ಅಂತ ಚೆಲ್ಲಿದೆ.”

ದೂಮಪ್ಪನವರಿಗೆ ನಾಚಿಕೆಯಾಯಿತು. ಅಷ್ಟರಲ್ಲಿ ಫೋನಿಗೆ ಜೀವ ಬಂದು, ಊರಿನ ಗುಂಪಿನವರು ‘ಮಸ್ಕತ್ತಿನಲ್ಲಿ ಎಷ್ಟು?’ ಎಂದು ಒಬ್ಬರಾದ ಮೇಲೊಬ್ಬರು ಕೇಳಿದ್ದು ಕಾಣಿಸಿತು. ದೂಮಪ್ಪನವರು ಪುಸ್ತಕದ ಮೇಲೆ ಬೆರಳಿಟ್ಟು ‘ಚೆಲ್ಲಿದೆ’ಗಳನ್ನು ಎಣಿಸಿದರು. ಆಮೇಲೆ ನಿಧಾನವಾಗಿ ಟೈಪ್ ಮಾಡಿದರು:

‘ಅಳೆದಿಲ್ಲ. ಹೆಂಡತಿ ಏಳು ಸಲ ತಾರಸಿ ಹತ್ತಿದ್ದಾಳೆ.’