ಮಲ್ಲವ್ವನ ಹೆಬ್ಬೆರಳು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನನ್ನ ಗಂಡ ಸದಾನಂದ ಊರೆಲ್ಲ ಹೇಳಿಕೊಂಡು ಬರುತ್ತಾರೆ. ಹೇಳಲಿ. ಸಾಂತಾಕ್ರೂಜಿನ ಈ ಕಾಲೇಜಿನಲ್ಲಿ ಇಪ್ಪತ್ತಾರು ವರ್ಷದಿಂದ ಕ್ಯಾಂಟೀನ್ ನಡೆಸುತ್ತಿದ್ದೇವೆ. ದಿನಕ್ಕೆ ಆರುನೂರು ಇಡ್ಲಿ ಬೇಯಿಸುವ ಹೆಂಗಸಿಗೆ ಸಿಟ್ಟು ಬರದೆ ಇನ್ನೇನು ಬರಬೇಕು? ಆದರೆ ಅದೆಲ್ಲ ಚಟ್ನಿಗೆ ಉಪ್ಪು ಹೆಚ್ಚಾದಾಗ ಬರುವ ಸಿಟ್ಟು, ಅರ್ಧ ಗಂಟೆಯಲ್ಲಿ ಇಳಿಯುತ್ತದೆ. ಮಲ್ಲವ್ವನ ವಿಷಯದಲ್ಲಿ ಬಂದದ್ದು ಇನ್ನೂ ಇಳಿದಿಲ್ಲ.

ಮಲ್ಲವ್ವ ಕಾಲೇಜ್ ಆಫೀಸಿನ ಟೈಪಿಸ್ಟ್. ವಿಜಯಪುರದ ಕಡೆಯವಳು. ಗಂಡ ತೀರಿಕೊಂಡ ವರ್ಷ, ಎರಡು ವರ್ಷದ ಮಗಳು ಸೋನಾಲಿಯನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಂದು ಕೆಲಸ ಕೇಳಿದಳು. ಮಗುವನ್ನು ನನ್ನ ಕೈಗೆ ಕೊಟ್ಟು, ಒಳಗೆ ಹೋಗಿ ಮಿಷನ್ ಮುಂದೆ ಕೂತಳು. ಟೈಪಿಂಗ್ ಶಬ್ದ ಕ್ಯಾಂಟೀನಿನ ತನಕ ಕೇಳಿಸಿತು, ಒಂದು ಕಡೆಯೂ ತಡೆದು ನಿಲ್ಲಲಿಲ್ಲ. ಅವತ್ತೇ ಸೇರಿಸಿಕೊಂಡರು. ಹನ್ನೊಂದು ತಿಂಗಳ ಟೆಂಪರರಿ. ಆ ಹನ್ನೊಂದು ತಿಂಗಳು ಇಪ್ಪತ್ತೆರಡು ಸಲ ಮುಗಿದಿದೆ. ಪ್ರತಿ ಜೂನ್‌ನಲ್ಲಿ ಅವಳಿಗೆ ಹೊಸ ಆರ್ಡರ್, ಅದನ್ನು ಟೈಪ್ ಮಾಡುವವಳೂ ಅವಳೇ. ನಾನಾಗಿದ್ದರೆ ಆ ಕಾಗದವನ್ನು ಅವರ ಮುಖಕ್ಕೆ ಎಸೆದು ಬರುತ್ತಿದ್ದೆ. ಮಲ್ಲವ್ವ ಮಾತ್ರ ಅಂಚು ಸರಿಯಾಗಿದೆಯೇ ಎಂದು ನೋಡಿ, ಸಹಿಗೆ ಕಳಿಸುತ್ತಿದ್ದಳು.

ಹದಿನೇಳು ವರ್ಷದ ಹಿಂದೆ ಟೈಪ್‌ರೈಟರ್ ಹೋಗಿ ಕಂಪ್ಯೂಟರ್ ಬಂತು. ಹೆಡ್ ಕ್ಲಾರ್ಕ್ ರಮಾನಾಥರು ಒಂದು ವಾರ ರಜೆ ಹಾಕದೆ, ಸಂಬಳದ ಮೇಲೆ, ಬಾಂದ್ರಾದಲ್ಲಿ ಟ್ರೇನಿಂಗ್ ಮುಗಿಸಿ ಬಂದರು. ಬಂದವರು ಮಲ್ಲವ್ವನಿಗೆ ಮೂರೇ ಸಂಗತಿ ಕಲಿಸಿದರು: ಫೈಲ್ ತೆರೆಯುವುದು, ಸೇವ್ ಮಾಡುವುದು, ಪ್ರಿಂಟ್ ಕೊಡುವುದು. ಮಿಕ್ಕಿದ್ದನ್ನು ಅವಳು ಟೈಪ್‌ರೈಟರಿನಲ್ಲಿ ಹೇಗೋ ಹಾಗೆಯೇ ಮಾಡಿದಳು. ತಲೆಬರಹ ನಡುವೆ ಬರಬೇಕಾದರೆ ಅಕ್ಷರ ಎಣಿಸಿ, ಹೆಬ್ಬೆರಳಿನಿಂದ ಅಷ್ಟು ಸಲ ಸ್ಪೇಸ್ ಒತ್ತುವುದು. ಸಾಲು ತುಂಬುತ್ತಲೇ ಕಿರುಬೆರಳಿನಿಂದ ಎಂಟರ್. ಪಟ್ಟಿಯ ನಂಬರುಗಳೂ ಕೈಯಿಂದಲೇ. ಪ್ರಿಂಟ್ ಬಂದ ಮೇಲೆ ಎರಡು ಹಾಳೆ ಒಂದರ ಮೇಲೊಂದು ಇಟ್ಟು ಟ್ಯೂಬ್‌ಲೈಟಿಗೆ ಹಿಡಿಯುತ್ತಿದ್ದಳು. ಸಾಲಿನ ಮೇಲೆ ಸಾಲು ಕೂತಿರುತ್ತಿತ್ತು. ಇಪ್ಪತ್ತೆರಡು ವರ್ಷದಲ್ಲಿ ಅವಳ ಕಾಗದದಲ್ಲಿ ಒಂದು ತಪ್ಪು ಹಿಡಿದವರಿಲ್ಲ.

ಆದರೆ ತಿದ್ದುಪಡಿ ಬಂದರೆ ಮುಗಿಯಿತು. ಪ್ರಿನ್ಸಿಪಾಲರು ಸಹಿಗೆ ಕೂರುವುದೇ ಸಂಜೆ ಐದರ ಮೇಲೆ. ರಮಾನಾಥರು ಹಾಳೆ ಹಿಡಿದು ಬರುತ್ತಿದ್ದರು. “ಮಲ್ಲವ್ವ, ಇಲ್ಲಿ ಒಂದು ಹೆಸರು ಬಿಟ್ಟುಹೋಗಿದೆ ಮಾರಾಯ್ತಿ, ಸ್ವಲ್ಪ ಸೇರಿಸಿಬಿಡು.” ಒಂದು ಹೆಸರು ಸೇರಿಸಿದರೆ ಅವಳ ಸಾಲುಗಳೆಲ್ಲ ಚೆಲ್ಲಾಪಿಲ್ಲಿಯಾಗುತ್ತಿದ್ದವು. ಅವಳು ತುಟಿಪಿಟಿಕ್ ಎನ್ನದೆ ಮೊದಲಿನಿಂದ ಟೈಪ್ ಮಾಡುತ್ತಿದ್ದಳು. ಮೂರು ಹಾಳೆ, ಐದು ಹಾಳೆ, ಏಳು ಹಾಳೆ. ನಾನು ಕ್ಯಾಂಟೀನ್ ಬಾಗಿಲು ಹಾಕುವಾಗಲೂ ಆಫೀಸಿನಲ್ಲಿ ದೀಪ ಉರಿಯುತ್ತಿತ್ತು.

ಅವಳ ಮನೆ ಬೊರಿವಲಿಯಲ್ಲಿ, ಚಾಳಿನ ಎರಡನೇ ಮಾಳಿಗೆ. ಗ್ಯಾಸ್ ಒಲೆಯ ಹೆದರಿಕೆಗೆ ಮಗುವಿನ ಕೈಗೆ ಬೀಗದ ಕೈ ಕೊಡುತ್ತಿರಲಿಲ್ಲ. ಸೋನಾಲಿ ಶಾಲೆಯಿಂದ ಬಂದು ಮೆಟ್ಟಿಲ ಮೇಲೆ ಕೂತು ಅಮ್ಮನನ್ನು ಕಾಯುತ್ತಿದ್ದಳು. ನಾಲ್ಕನೇ ಕ್ಲಾಸಿನಲ್ಲಿದ್ದಾಗ ಒಂದು ದಿನ ಜ್ವರ ಬಂದು, ಪಾಟಿಚೀಲ ತಲೆಗಿಟ್ಟುಕೊಂಡು ಅಲ್ಲೇ ಮಲಗಿಬಿಟ್ಟಿದ್ದಳು. ಮಲ್ಲವ್ವ ಹೋಗಿ ಮುಟ್ಟಿದರೆ ಮೈ ಕೆಂಡ. ಅವತ್ತು ಏಳು ಹಾಳೆಯ ತಿದ್ದುಪಡಿ ಇತ್ತು. ಈಗ ಸೋನಾಲಿಗೆ ಇಪ್ಪತ್ತನಾಲ್ಕು, ಬಾಂದ್ರಾದಲ್ಲಿ ಕೆಲಸ. ನಮ್ಮ ಕ್ಯಾಂಟೀನಿಗೆ ಬಂದಾಗ ಒಮ್ಮೆ ತಮಾಷೆಗೆ ಎಂಬಂತೆ ಹೇಳಿದಳು, “ಮಮ್ಮಿಗೆ ಕಾಲೇಜೇ ಘರ್, ಆಂಟಿ. ನಾನು ಓನ್ಲಿ ಗೆಸ್ಟ್.” ಮಲ್ಲವ್ವ ನಕ್ಕಳು. ಆ ನಗು ನನಗೆ ನೋಡಲಾಗಲಿಲ್ಲ.

ಕಳೆದ ವರ್ಷ ಮ್ಯಾನೇಜ್‌ಮೆಂಟಿನವರಿಗೆ ಜ್ಞಾನೋದಯವಾಯಿತು. ಟೆಂಪರರಿಗಳನ್ನು ಪರ್ಮನೆಂಟ್ ಮಾಡುತ್ತಾರಂತೆ. ಎರಡು ಷರತ್ತು. ಒಂದು, ವಯಸ್ಸು ಐವತ್ತು ದಾಟಿರಬಾರದು. ಇನ್ನೊಂದು, ಆಫೀಸ್ ಕೆಲಸದವರು ನಮ್ಮ ಕಾಲೇಜಿನದೇ ಮೂರು ತಿಂಗಳ ಕಂಪ್ಯೂಟರ್ ಕೋರ್ಸ್ ಪಾಸಾಗಿರಬೇಕು. ಮಲ್ಲವ್ವನಿಗೆ ಜೂನ್‌ಗೆ ಐವತ್ತು ತುಂಬುತ್ತದೆ. ಈ ಸಲ ತಪ್ಪಿದರೆ ಮತ್ತೆ ಹನ್ನೊಂದು ತಿಂಗಳು, ಅದೂ ಅವರು ಕೊಟ್ಟರೆ. ಹದಿನೇಳು ವರ್ಷ ಕಂಪ್ಯೂಟರಿನ ಮುಂದೆಯೇ ಕೂತವಳಿಗೆ ‘ಕಂಪ್ಯೂಟರ್ ಪರಿಚಯ’! ಮೊಮ್ಮಗಳು ಅಜ್ಜಿಗೆ ಕೆಮ್ಮಲು ಕಲಿಸಿದಳಂತೆ. ಈ ಕೋರ್ಸಿನ ನೋಟಿಸನ್ನೂ ಟೈಪ್ ಮಾಡಿದ್ದು ಯಾರು? ಅವಳೇ.

“ಅಕ್ಕಾ, ಆ ಹುಡುಗರ ನಡುವ ಒಬ್ಬಾಕೀನ ಹೆಂಗ ಕೂಡ್ಲಿ? ನಾಚಿಕಿ ಬರ್ತದ,” ಎಂದಳು.

“ನಾನು ಬರ್ತೇನೆ ಮಾರಾಯ್ತಿ. ನನಗೆ ಎಂಥ ನಾಚಿಕೆ?” ಎಂದೆ. ಸೀಟು ಖಾಲಿ ಇತ್ತು, ಫೀಸು ಕಟ್ಟಿ ಸೇರಿಕೊಂಡೆ. ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ, ಮೂರರಿಂದ ನಾಲ್ಕು. ಕಲಿಸುವವನು ಸಂದೀಪ, ಇಪ್ಪತ್ತಾರರ ಹುಡುಗ, ತಾಯಿ ಕುಂದಾಪುರದವರಂತೆ. ನನಗೆ ಮೌಸ್ ಹಿಡಿಯಲೂ ಬರುತ್ತಿರಲಿಲ್ಲ. ಒಂದೇ ಬೆರಳಿನಲ್ಲಿ ಕುಟ್ಟುತ್ತಿದ್ದೆ. ಅವನು ಈ ಬಟನ್ ಒತ್ತಿ ಎಂದರೆ ಅದನ್ನು ಒತ್ತುತ್ತಿದ್ದೆ, ಯಾಕೆಂದು ಕೇಳುತ್ತಿರಲಿಲ್ಲ. ಮಲ್ಲವ್ವ ಅವನು ವಾಕ್ಯ ಮುಗಿಸುವುದರೊಳಗೆ ಟೈಪ್ ಮಾಡಿ ಕೈ ಕಟ್ಟಿ ಕೂತಿರುತ್ತಿದ್ದಳು. ಹುಡುಗರು ಅವಳ ಬೆರಳುಗಳನ್ನೇ ಬಾಯಿಬಿಟ್ಟು ನೋಡುತ್ತಿದ್ದರು. ಸಂದೀಪನೂ ಅವಳ ಬಳಿ ನಿಂತು ಏನು ಮಾಡುತ್ತಿದ್ದಾಳೆ ಎಂದು ನೋಡುವ ಗೋಜಿಗೆ ಹೋಗಲಿಲ್ಲ. ಇವರಿಗೆ ಎಲ್ಲವೂ ಬರುತ್ತದೆ ಎಂದುಕೊಂಡ.

ಪರೀಕ್ಷೆಯಲ್ಲಿ ಒಂದು ನೋಟಿಸು, ಒಂದು ಪಟ್ಟಿ ಮಾಡಬೇಕಿತ್ತು. ರಿಸಲ್ಟ್ ಬಂತು. ಪಾಸಾಗಲು ಐವತ್ತು ಬೇಕು. ನನಗೆ ಐವತ್ತೆಂಟು. ಮಲ್ಲವ್ವನಿಗೆ ಮೂವತ್ತೊಂದು.

ನಾನು ಪಾಸು, ಮಲ್ಲವ್ವ ಫೇಲು! ತಲೆಗೆ ರಕ್ತ ಏರಿತು. ಇಬ್ಬರ ಪ್ರಿಂಟನ್ನೂ ಹಿಡಿದು, ಅವಳ ಕೈ ಎಳೆದುಕೊಂಡು ಲ್ಯಾಬಿಗೆ ನುಗ್ಗಿದೆ.

“ಕಣ್ಣುಂಟಾ ನಿನಗೆ?” ಎಂದೆ. “ನನ್ನದು ನೋಡು, ಕಾಗೆ ಕಾಲು ಗುಬ್ಬಿ ಕಾಲು. ಅವಳದ್ದು ನೋಡು, ಅಚ್ಚು ಹಾಕಿದ ಹಾಗೆ. ನಿನ್ನ ಅಪಾಯಿಂಟ್‌ಮೆಂಟ್ ಲೆಟರ್ ಟೈಪ್ ಮಾಡಿದವಳನ್ನು ಫೇಲ್ ಮಾಡ್ತೀಯಲ್ಲ, ನೀನು ಮನುಷ್ಯನಾ?”

ಹುಡುಗ ಬೆವತುಹೋದ. “ಆಂಟಿ, ಗುಸ್ಸಾ ಮಾಡ್ಬೇಡಿ. ಮಾರ್ಕ್ಸ್ ಕಾಗದಕ್ಕೆ ಅಲ್ಲ, ಫೈಲಿಗೆ. ಒಂದು ಮಿನಿಟ್, ತೋರಿಸ್ತೇನೆ.”

ಮಲ್ಲವ್ವನ ಫೈಲ್ ತೆರೆದು ಒಂದು ಬಟನ್ ಒತ್ತಿದ. ಬಿಳಿ ಜಾಗದಲ್ಲೆಲ್ಲ ಸಾಸಿವೆ ಚೆಲ್ಲಿದ ಹಾಗೆ ಚುಕ್ಕೆಗಳು. ಒಂದೊಂದು ಚುಕ್ಕೆ ಅವಳ ಹೆಬ್ಬೆರಳಿನ ಒಂದೊಂದು ಒತ್ತು. ಪ್ರತಿ ಸಾಲಿನ ಕೊನೆಗೆ ಎಂಟರಿನ ಗುರುತು. ಆಮೇಲೆ ನಡುವಿನ ಸಾಲಿನಲ್ಲಿ ಒಂದು ಹೆಸರು ಸೇರಿಸಿದ. ಸಾಲುಗಳು ಮುರಿದು ಬಿದ್ದವು, ಪಟ್ಟಿ ಅಡ್ಡಾದಿಡ್ಡಿಯಾಯಿತು. ನನ್ನ ಫೈಲ್ ತೆರೆದು ಅದೇ ಹೆಸರು ಸೇರಿಸಿದ. ನನ್ನ ಸಾಲುಗಳು ತಾವಾಗಿಯೇ ಸರಿದು ಜಾಗ ಕೊಟ್ಟವು. ನಂಬರುಗಳೂ ತಾವೇ ಬದಲಾದವು.

ನನಗೆ ಆಗಲೂ ಅವನ ಮೇಲೆ ಸಿಟ್ಟೇ ಇತ್ತು. ಆದರೆ ಮಲ್ಲವ್ವ ಸ್ಕ್ರೀನಿಗೆ ಮುಖ ಹತ್ತಿರ ತಂದಳು.

“ಇನ್ನೊಮ್ಮೆ ಮಾಡ್ರಿ ಸರ.”

ಮಾಡಿದ.

“ಮತ್ತೊಮ್ಮೆ ಮಾಡ್ರಿ.”

ಮೂರನೇ ಸಲವೂ ಮಾಡಿದ. ಮಲ್ಲವ್ವ ಸಣ್ಣ ದನಿಯಲ್ಲಿ ಕೇಳಿದಳು, “ಇದು ಈಗ ಹೊಸದಾಗಿ ಬಂದದ್ದೇನ್ರಿ? ಇಲ್ಲಾ ಮೊದಲಿಂದನೂ ಹಿಂಗ ಐತೇನು?”

“ಮೊದಲಿಂದ, ಆಂಟಿ. ನಾನು ಸ್ಕೂಲಲ್ಲಿ ಇರುವಾಗಲೂ ಹೀಗೇ ಇತ್ತು.”

ನಾನು ಬೈಯುತ್ತಲೇ ಇದ್ದೆ, ಮಲ್ಲವ್ವ ಹೊರಗೆ ಹೋದಳು. ಕ್ಯಾಂಟೀನಿನ ಹಿಂದಿನ ನಲ್ಲಿಯ ಹತ್ತಿರ ನಿಂತು ಮುಖ ತೊಳೆದಳು, ಮತ್ತೆ ತೊಳೆದಳು. ಫೇಲಾದ ದುಃಖ ಎಂದುಕೊಂಡೆ ನಾನು, ದಡ್ಡಿ.

ಮರುಪರೀಕ್ಷೆ ಒಂದೇ ಸಲ, ಮೂರು ವಾರದ ಮೇಲೆ. ಸೋನಾಲಿಯ ಹಳೆಯ ಲ್ಯಾಪ್‌ಟಾಪನ್ನು ಕ್ಯಾಂಟೀನಿನ ಮೂಲೆಯ ಟೇಬಲಿನಲ್ಲಿಟ್ಟು ಅಭ್ಯಾಸಕ್ಕೆ ಕೂತಳು. ಸಂದೀಪನೂ ಪಾಪ, ಚಹಾ ಕುಡಿಯುವ ನೆಪದಲ್ಲಿ ಬಂದು ಹೇಳಿಕೊಡುತ್ತಿದ್ದ. ತಿಳಿಯುವುದು ಒಂದು ದಿನದ ಕೆಲಸ. ಮರೆಯುವುದೇ ಕಷ್ಟ. ತಲೆಬರಹ ನಡುವೆ ತರಲು ಬಟನ್ ಒತ್ತಬೇಕೆಂದು ಬಾಯಲ್ಲಿ ಹೇಳಿಕೊಳ್ಳುತ್ತಿದ್ದಳು, ಅಷ್ಟರಲ್ಲಿ ಹೆಬ್ಬೆರಳು ತನ್ನಷ್ಟಕ್ಕೆ ಹತ್ತು ಸ್ಪೇಸ್ ಒತ್ತಿ ಮುಗಿಸಿರುತ್ತಿತ್ತು. “ಸುಟ್ಟು ಬರಲಿ ಈ ಬೆರಳಿಗೆ,” ಎಂದು ತನ್ನ ಕೈಗೆ ತಾನೇ ಹೊಡೆದುಕೊಂಡಳು. ಅವಳ ಬಾಯಲ್ಲಿ ಬೈಗುಳ ಕೇಳಿದ್ದು ನಾನು ಅದೇ ಮೊದಲು.

ಪರೀಕ್ಷೆಯ ದಿನ ನಾನೇ ಒಂದು ಉಪಾಯ ಮಾಡಿದೆ. ತೊಳೆದ ಪಂಚೆಯ ತುಂಡು ಹರಿದು ಅವಳ ಬಲ ಹೆಬ್ಬೆರಳನ್ನು ಅಂಗೈಗೆ ಸೇರಿಸಿ ಬಿಗಿಯಾಗಿ ಕಟ್ಟಿದೆ. ಸ್ಪೇಸ್ ಬೇಕಾದರೆ ಬೇರೆ ಬೆರಳು ಎತ್ತಿ ತರಬೇಕು, ತರುವಾಗ ಬುದ್ಧಿ ಬರುತ್ತದೆ. “ಏನಾಯ್ತು ಆಂಟಿ?” ಎಂದು ಸಂದೀಪ ಕೇಳಿದ. “ಈಳಿಗೆ ತಾಗಿದೆ, ನೀನು ಪೇಪರ್ ಕೊಡು,” ಎಂದೆ ನಾನು.

ಎಂಬತ್ತನಾಲ್ಕು ಬಂತು. ಕ್ಲಾಸಿಗೇ ಹೆಚ್ಚು.

ಪರ್ಮನೆಂಟ್ ಆಗುವವರ ಪಟ್ಟಿ ಏಪ್ರಿಲ್‌ನಲ್ಲಿ ತಯಾರಾಯಿತು. ಹನ್ನೊಂದು ಹೆಸರಿನ ಆ ಪಟ್ಟಿಯನ್ನು ಮಲ್ಲವ್ವ ಆಗಲೇ ಹೊಸ ರೀತಿಯಲ್ಲಿ ಟೈಪ್ ಮಾಡಿಟ್ಟಿದ್ದಳು. ಮರುಪರೀಕ್ಷೆಯ ಮಾರ್ಕಿಗೆ ಮ್ಯಾನೇಜ್‌ಮೆಂಟಿನ ಒಪ್ಪಿಗೆ ಬರಬೇಕಿತ್ತು, ಹಾಗಾಗಿ ಅವಳ ಹೆಸರು ಅದರಲ್ಲಿ ಇನ್ನೂ ಇರಲಿಲ್ಲ. ಒಂದು ಸಂಜೆ ನಾನು ಆಫೀಸಿಗೆ ಚಹಾದ ಟ್ರೇ ತಂದಿದ್ದೆ. ಐದೂ ಇಪ್ಪತ್ತು. ರಮಾನಾಥರು ಹಾಳೆ ಹಿಡಿದು ನಗುತ್ತಾ ಬಂದರು.

“ಕಂಗ್ರಾಟ್ಸ್ ಮಲ್ಲವ್ವ. ಸೀನಿಯಾರಿಟಿ ಪ್ರಕಾರ ನಾಲ್ಕನೇದು ನಿನ್ನ ಹೆಸರು. ಪಟ್ಟಿ ಇನ್ನೊಮ್ಮೆ ಟೈಪ್ ಮಾಡಿ ಕೊಟ್ಟುಬಿಡು. ಪ್ರಿನ್ಸಿಪಾಲ್ ಸಾಹೇಬರು ಸಹಿ ಹಾಕ್ಲಿಕ್ಕೆ ಕೂತಿದ್ದಾರೆ.”

ಮಲ್ಲವ್ವ ಮೂರನೇ ಹೆಸರಿನ ಕೊನೆಗೆ ಹೋಗಿ ಎಂಟರ್ ಒತ್ತಿದಳು. ನಾಲ್ಕು ಎಂಬ ನಂಬರ್ ತಾನೇ ಹುಟ್ಟಿಕೊಂಡಿತು. ತನ್ನ ಹೆಸರು ಟೈಪ್ ಮಾಡಿದಳು. ಹನ್ನೊಂದು ಇದ್ದದ್ದು ಹನ್ನೆರಡಾಯಿತು. ನಾನು ಟ್ರೇಯಿಂದ ಲೋಟ ಎತ್ತಿ ಟೇಬಲಿಗೆ ಇಡುವುದರೊಳಗೆ ಕೆಲಸ ಮುಗಿದಿತ್ತು.

ಅವಳು ಕೀಬೋರ್ಡಿನಿಂದ ಕೈ ತೆಗೆದು ಮಡಿಲಲ್ಲಿ ಇಟ್ಟುಕೊಂಡಳು.

“ರಮಾನಾಥ ಸರ, ಒಂದ್ ಮಾತ್ ಕೇಳ್ತೀನ್ರಿ. ಬಾಂದ್ರಾದಾಗ ನಿಮಗ ಟ್ರೇನಿಂಗ್ ಕೊಟ್ಟಾಗ ಇದನ್ನ ಕಲಿಸಿದ್ರೇನು?”

ರಮಾನಾಥರು ಲೋಟ ಎತ್ತಿಕೊಂಡರು. “ಅದೆಲ್ಲ ಮೊದಲ ದಿನವೇ ಕಲಿಸಿದ್ದು. ಬೇಸಿಕ್ ಅಲ್ವಾ?”

“ಮತ್ತ ನನಗ ಯಾಕ ಹೇಳಲಿಲ್ಲರಿ?”

“ನೀನು ಕೇಳಲಿಲ್ಲ ಮಾರಾಯ್ತಿ. ಮತ್ತೆ, ನಿನ್ನ ಕೆಲಸ ಆಗ್ತಾ ಇತ್ತಲ್ಲ! ಎಷ್ಟು ಹೊತ್ತಾದ್ರೂ ಕೂತು ಮಾಡಿ ಕೊಡ್ತಿದ್ದೆ. ಹೇಳ್ಬೇಕು ಅಂತ ತೋಚಲೇ ಇಲ್ಲ.”

ಆಗ ನನಗೆ ಹೊಳೆಯಿತು, ಅವತ್ತು ನಲ್ಲಿಯ ಹತ್ತಿರ ಅವಳು ಯಾಕೆ ಅಷ್ಟು ಹೊತ್ತು ಮುಖ ತೊಳೆದಳೆಂದು. ಹದಿನೇಳು ವರ್ಷ! ದಿನಾ ಸಂಜೆ ಇವರು ಹಾಳೆ ಕೊಟ್ಟು, ಗೊತ್ತಿದ್ದೂ ಗೊತ್ತಿದ್ದೂ, ಆರರ ಲೋಕಲ್ ಹಿಡಿದು ಮನೆಗೆ ಹೋಗಿ ಕಾಲು ಚಾಚಿದ್ದಾರೆ. ಎರಡು ನಿಮಿಷದ ಮಾತು. ಅದನ್ನು ಹೇಳಲು ತೋಚಲಿಲ್ಲವಂತೆ. ಆ ಬಿಸಿ ಚಹಾವನ್ನು ಅವರ ತಲೆಯ ಮೇಲೆ ಸುರಿಯುವಷ್ಟು ಸಿಟ್ಟು ಬಂತು. “ಎಂಥ ಮನುಷ್ಯರ್ರೀ ನೀವು…” ಎಂದು ಬಾಯಿ ತೆರೆದೆ.

ಮಲ್ಲವ್ವ ನನ್ನ ಕಡೆ ತಿರುಗದೆಯೇ ಕೈ ಅಡ್ಡ ಹಿಡಿದಳು. “ಅಕ್ಕಾ, ನೀ ಸುಮ್ಕಿರು. ಈ ಸಿಟ್ಟು ನಂದು.”

ಎದ್ದು ನಿಂತಳು. ಗೂಟಕ್ಕೆ ತೂಗುಹಾಕಿದ್ದ ಚೀಲ ತೆಗೆದು ಹೆಗಲಿಗೆ ಹಾಕಿಕೊಂಡಳು.

“ಎಲ್ಲಿಗೆ?” ಎಂದರು ರಮಾನಾಥರು. “ಪ್ರಿಂಟ್?”

“ಐದೂವರಿ ಆತ್ರಿ. ನಾಳೆ ಹತ್ತಕ್ಕ ಬಂದು ಕೊಡ್ತೀನಿ.”

“ಮಲ್ಲವ್ವ, ನಿನ್ನದೇ ಪರ್ಮನೆಂಟ್ ಆರ್ಡರ್ ಇದು! ಸಾಹೇಬರು ಒಳಗೆ ಕಾಯ್ತಾ ಇದ್ದಾರೆ.”

“ಕಾಯ್ಲಿ ಬಿಡ್ರಿ,” ಎಂದಳು ಮಲ್ಲವ್ವ. ಆ ದನಿ ಆಫೀಸಿನ ಆ ತುದಿಗೂ ಕೇಳಿಸಿತು. “ಜ್ವರ ಬಂದ ಮೈಯಾಗ, ಮೆಟ್ಟಿಲ ಮ್ಯಾಲೆ ಕುಂತು ನನ್ನ ಮಗಳು ಕಾದಾಳ.”

ಕಂಪ್ಯೂಟರ್ ಬಂದ್ ಮಾಡಿ ಹೊರಟಳು. ನಾನು ಬಾಗಿಲ ತನಕ ಅವಳ ಹಿಂದೆ ಹೋದೆ. ಇಪ್ಪತ್ತೆರಡು ವರ್ಷದಲ್ಲಿ ಅವಳು ಬಿಸಿಲಿರುವಾಗ ಸ್ಟೇಷನ್ ಕಡೆ ನಡೆದದ್ದನ್ನು ನಾನು ನೋಡಿದ್ದು ಅದೇ ಮೊದಲು.