ಜೊತೆಗೆ ಬಾರೇ ಎನ್ನುವ ಅಕ್ಕ

ಹೊಲಿಗೆ ಕಾರ್ಖಾನೆಯ ಕಾಲರ್ ವಿಭಾಗದ ಮೇಲ್ವಿಚಾರಕಿಯನ್ನು ಎಲ್ಲರೂ ಅಕ್ಕ ಎಂದೇ ಕರೆಯುತ್ತಾರೆ, ಅವರಿಗಿಂತ ಹಿರಿಯನಾದ ಇಸ್ತ್ರಿಯವನೂ ಕೂಡ. ದಾರ ತುಂಡಾದಾಗ ಮಶೀನಿಗೆ ಬಾಯಿತುಂಬ ಬೈಯುವವರ ಬಗ್ಗೆ ಅಕ್ಕನಿಗೆ ಚಿಂತೆಯಿಲ್ಲ. ಬೈಯದೆ ಸುಮ್ಮನೆ ಕೂತವರ ಮೇಲೆಯೇ ಅವರ ಕಣ್ಣು. ಅಂಥವರ ಪಕ್ಕ ಬಂದು, “ನಂಗೆ ಕೌನ್ಸೆಲಿಂಗ್ ಮೇಡಂನ ನೋಡೋದಿದೆ, ಒಬ್ಳೇ ಹೋಗೋಕೆ ಒಂಥರಾ ಆಗುತ್ತೆ, ಜೊತೆಗೆ ಬಾರೇ” ಎನ್ನುತ್ತಾರೆ. ಗೋದಾಮಿನ ಪಕ್ಕದ ಆ ಮೇಡಂ ಕೋಣೆಯತ್ತ ಹೋದರೆ ತಲೆ ಕೆಟ್ಟಿದೆ ಅಂದಾರು ಎಂದು ಹೆದರುವವರೂ ಅಕ್ಕನಿಗೋಸ್ಕರ ಎದ್ದು ಹೊರಡುತ್ತಾರೆ. ಬಾಗಿಲಿಗೆ ಬಂದದ್ದೇ ತಡ, ಅಕ್ಕ ಅವರನ್ನೇ ಮೆಲ್ಲಗೆ ಒಳಗೆ ತಳ್ಳಿ, ಹೊರಗಿನ ಬೆಂಚಿನ ಮೇಲೆ ಗಟ್ಟಿಯಾಗಿ ಕೂತುಬಿಡುತ್ತಾರೆ. ಹೋಗಿಬರುವವರು, “ಮತ್ತೆ ಬಂದ್ರಾ ಅಕ್ಕಾ?” ಎಂದು ನಕ್ಕರೆ, “ನನ್ನ ತಲೆ ರಿಪೇರಿ ಅಷ್ಟು ಬೇಗ ಮುಗಿಯೋದಲ್ಲಪ್ಪ!” ಎಂಬ ಉತ್ತರ ಸಿದ್ಧ. ಹೀಗಾಗಿ ಇಡೀ ಕಾರ್ಖಾನೆಯಲ್ಲಿ ಅತಿ ಹೆಚ್ಚು ತಲೆ ಕೆಟ್ಟವರೆಂಬ ಹೆಸರು ಅವರಿಗೇ ಬಂದಿದೆ. ಬಡ್ತಿ ಸಿಕ್ಕವರಂತೆ ಅದನ್ನು ಹೊತ್ತು ತಿರುಗುತ್ತಾರೆ. ನಿನ್ನೆ ಗುಂಡಿ ಹಾಕುವ ಹುಡುಗಿ ಕೋಣೆಯಿಂದ ಕಣ್ಣೊರೆಸಿಕೊಂಡು ಹೊರಬಂದವಳು, “ನೀವು ಮೊದಲ್ನೇ ಸಲ ಬಂದಾಗ ಜೊತೆಗೆ ಯಾರಿದ್ರು ಅಕ್ಕಾ?” ಎಂದು ಕೇಳಿದಳು. ಅಕ್ಕ ಅವಳ ಹೆಗಲಿಗಂಟಿದ್ದ ದಾರದ ಚೂರುಗಳನ್ನು ಒಂದೊಂದಾಗಿ ತೆಗೆದರು. “ಯಾರೂ ಇರ್ಲಿಲ್ಲ ಕಣೇ. ಈ ಬಾಗಿಲವರೆಗೂ ಬಂದು ಎಷ್ಟು ಸಲ ವಾಪಸ್ ಹೋಗಿದೀನೋ!” ಅದೇ ಮಧ್ಯಾಹ್ನ ಗುಂಡಿ ಸಾಲಿನಿಂದ, ಮಶೀನಿಗೆ ಆ ಹುಡುಗಿ ಹಾಕಿದ ಖಾರವಾದ ಬೈಗುಳವೊಂದು ಕೇಳಿಬಂತು. ಕಾಲರ್ ತಿರುವುತ್ತಿದ್ದ ಅಕ್ಕನಿಗೆ ಹಾಯೆನಿಸಿತು.