ಖಂಡೇಪೂಜೆಗೆ ಸಿಕ್ಕಿಬಿದ್ದ ಮಾಲೀಕ

ಔರಾದಿನ ದನದ ದವಾಖಾನೆಯಲ್ಲಿ ಮೂವತ್ತೊಂದು ವರ್ಷ ಕಂಪೌಂಡರ್ ಆಗಿದ್ದ ರಾಜರತ್ನನಿಗೆ ಸಿಟ್ಟು ಬರುವುದು ಅಪರೂಪ. ಬಂದರೆ ಮಾತ್ರ ಹೋಗುವುದಿಲ್ಲ. ಹಾಸಿಗೆ ಬಿಚ್ಚಿ ಮನೆಯಲ್ಲೇ ಉಳಿದುಬಿಡುತ್ತದೆ. ಠಾಣಾ ಕುಶನೂರಿನ ಎಮ್ಮೆಯೊಂದು ಸೂಜಿ ಚುಚ್ಚುವಾಗ ಅವನನ್ನು ಒದ್ದಿತ್ತು. ಅದು ಸತ್ತ ಮೇಲೂ ಅದರ ಮಗಳು, ಮೊಮ್ಮಗಳು, ಯಾರ ಹಾಲಿನ ಚಹಾವನ್ನೂ ಅವನು ಮುಟ್ಟಿಲ್ಲ. ಮೂರನೇ ಇಯತ್ತೆಯಲ್ಲಿ ತನ್ನ ಪೆನ್ಸಿಲ್ ಕಚ್ಚಿದವನ ಮದುವೆಗೆ ಹೋಗಲಿಲ್ಲ, ಅವನ ಮಗನ ಮದುವೆಗೂ ಹೋಗಲಿಲ್ಲ. ಮೊಮ್ಮಗ ಇನ್ನೂ ತೊಟ್ಟಿಲಲ್ಲಿದ್ದಾನೆ. ಅವನ ಮದುವೆಗೂ ಬರುವುದಿಲ್ಲವೆಂದು ಈಗಲೇ ಹೇಳಿ ಕಳಿಸಿದ್ದಾನೆ.

ಇಂಥವನು ಜೀವ ಇಟ್ಟುಕೊಂಡದ್ದು ಎರಡರ ಮೇಲೆ: ಹೆಂಡತಿ ಸುಭದ್ರಾಬಾಯಿ ಮತ್ತು ಬೀದರಿನಲ್ಲಿ ಕೊಂಡ ಹಳೆಯ ನೀಲಿ ಕಾರು. ಹತ್ತೊಂಬತ್ತು ವರ್ಷ ಕಾರಿನ ವಿಮೆ ಒಂದು ದಿನವೂ ತಪ್ಪಿರಲಿಲ್ಲ. ಕಚೇರಿ ತೆರೆಯುವ ಮೊದಲೇ ಹೋಗಿ ಬಾಗಿಲಲ್ಲಿ ನಿಲ್ಲುತ್ತಿದ್ದ. ಕಸ ಗುಡಿಸುವವರು ಅವನ ಸುತ್ತಲೇ ಗುಡಿಸುತ್ತಿದ್ದರಂತೆ.

ಒಂದು ನವೆಂಬರ್ ತಿಂಗಳಲ್ಲಿ, ಸಾಯಗಾಂವದ ತಿರುವಿನ ಹತ್ತಿರ, ಬಿಳಿ ಜೀಪೊಂದು ಎದುರಿನಿಂದ ಬಂದು ಗುದ್ದಿತು. ಕಾರು ಗಿರ್ರನೆ ತಿರುಗುವಾಗ ಒಂದು ಸುತ್ತಿನಲ್ಲಿ ಬೀದರ ಕೋಟೆ, ಇನ್ನೊಂದು ಸುತ್ತಿನಲ್ಲಿ ಮಹಾರಾಷ್ಟ್ರ ಕಂಡಿತೆಂದು ರಾಜರತ್ನ ಹೇಳುತ್ತಾನೆ. ಜೀಪು ನಿಲ್ಲಲಿಲ್ಲ. ಅದರ ನಂಬರು ಮಾತ್ರ ಅವನ ತಲೆಯಲ್ಲಿ ನಿಂತಿತು. ಪಕ್ಕದಲ್ಲಿ ಕೂತಿದ್ದ ಸುಭದ್ರಾಬಾಯಿಯ ಬಲಮೊಣಕಾಲು ಮುರಿಯಿತು. ಇಲ್ಲಿ ನಾನು ಏನನ್ನೂ ದೊಡ್ಡದು ಮಾಡಿ ಹೇಳುವುದಿಲ್ಲ. ಎರಡು ಶಸ್ತ್ರಚಿಕಿತ್ಸೆಯಾದವು. ನೆಲದ ಮೇಲೆ ಕೂತು ರೊಟ್ಟಿ ಬಡಿಯುವುದು ನಿಂತಿತು. ಬುದ್ಧ ವಿಹಾರದ ಮೂರು ಮೆಟ್ಟಿಲು ಹತ್ತಲು ಆಕೆಯನ್ನು ಇಬ್ಬರು ಹಿಡಿಯಬೇಕಾಯಿತು.

ಕಾರು ಅವನದೇ ವಿಮೆಯಲ್ಲಿ ರಿಪೇರಿಯಾಯಿತು. ಮೊಣಕಾಲಿನ ಪರಿಹಾರ ಗುದ್ದಿದ ಗಾಡಿಯ ಕಡೆಯಿಂದ ಬರಬೇಕು. ಆ ಜೀಪಿಗೆ ವಿಮೆಯೇ ಇರಲಿಲ್ಲ. ಕಾಗದದಲ್ಲಿದ್ದ ಮಾಲೀಕ ಉದಗೀರಿನಲ್ಲಿ ತೀರಿಕೊಂಡು ಆರು ವರ್ಷವಾಗಿತ್ತು. ಅದನ್ನು ಕೊಂಡು, ಹೆಸರು ಬದಲಿಸದೆ ಓಡಿಸುತ್ತಿದ್ದವನು ಸಾಯಗಾಂವದ ಬೇಳೆ ಗಿರಣಿಯ ಭಾಲಚಂದ್ರ. ಇದು ಊರಿನ ಕೋಳಿಗಳಿಗೂ ಗೊತ್ತು. ಸಾಕ್ಷಿ ಹೇಳುವಷ್ಟು ಧೈರ್ಯ ಕೋಳಿಗಳಿಗೂ ಇರಲಿಲ್ಲ.

“ಅಂಥ ಗಾಡಿ ನನ್ನ ಹತ್ರ ಇಲ್ರಿ. ಕನಸಿನ್ಯಾಗೂ ನೋಡಿಲ್ಲ,” ಎಂದು ಭಾಲಚಂದ್ರ ಠಾಣೆಯಲ್ಲಿ ಬರೆದುಕೊಟ್ಟ. ಹೊರಗೆ ಬಂದು ನಕ್ಕ. “ಕಂಪೌಂಡರ್ ಸಾಬ, ಸತ್ತವನ ಮ್ಯಾಲ ಕೇಸ್ ಹಾಕ್ರಿ. ದನಕ್ಕ ಚುಚ್ಚೋ ಸೂಜಿ ಅವನಿಗೂ ಒಂದು ಚುಚ್ಚಿದ್ರ ಎದ್ದು ಬಂದಾನು.”

ರಾಜರತ್ನ ಫೈಲನ್ನು ಕಂಕುಳಿಗೆ ಸೇರಿಸಿ ಕಾರು ಹತ್ತಿದ. ಒದ್ದ ಎಮ್ಮೆಗೂ ಅವನು ಅವತ್ತು ಏನೂ ಅಂದಿರಲಿಲ್ಲ.

ಭಾಲ್ಕಿಯ ವಕೀಲೆ ಬದರುನ್ನಿಸಾ ಕಾಗದ ನೋಡಿ ತಲೆಯಾಡಿಸಿದಳು. “ಕಾಕಾ, ಜೀಪ್ ಸಿಗಬೇಕು, ಅದು ಅವಂದೇ ಅಂತ ಸಾಬೀತಾಗಬೇಕು. ಒಮ್ಮೆ ಜಪ್ತಿ ಆದ್ರ ಸಾಕು. ವಿಮಾ ಇಲ್ಲದ ಗಾಡಿ, ಜಾಮೀನು ಕಟ್ಟೋತನಕ ಬಿಡಂಗಿಲ್ಲ. ಆದ್ರ ಎಲ್ಲಿ ಮುಚ್ಚಿಟ್ಟಾನೋ!”

“ಹುಡುಕೋದು ಬ್ಯಾಡ ಬೇಟಾ. ತಾನೇ ಹೊರಗ ತರ್ತಾನ.”

“ಯಾವಾಗ್ರಿ?”

“ಖಂಡೇಪೂಜಿಗಿ.”

ದಸರೆಯ ಹಿಂದಿನ ದಿನ ನಮ್ಮ ಕಡೆ ಕುಡುಗೋಲಿನಿಂದ ಟ್ರ್ಯಾಕ್ಟರಿನವರೆಗೆ ಮನೆಯ ಕಬ್ಬಿಣವೆಲ್ಲ ಅಂಗಳಕ್ಕೆ ಬಂದು ಹೂ ಮುಡಿಯುತ್ತದೆ. ಸರ್ಕಾರಕ್ಕೆ ಸುಳ್ಳು ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ. ದುಡಿದ ಗಾಡಿಗೆ ಪೂಜೆ ತಪ್ಪಿಸುವ ಗಂಡು ಇನ್ನೂ ಹುಟ್ಟಿಲ್ಲ.

ರಾಜರತ್ನ ಹನ್ನೊಂದು ತಿಂಗಳು ಕಾದ. ಕೇಸು ಬಿಟ್ಟೆನೆಂದು ಚಹಾದಂಗಡಿಗಳಲ್ಲಿ ಸಾರಿದ. ಸುದ್ದಿ ಕೇಳಿ ಸುಭದ್ರಾಬಾಯಿಯೇ ಗಾಬರಿಯಾದಳು.

“ಖರೇನೇ ಬಿಟ್ರೇನ್ರಿ?”

“ನಾ ಎಮ್ಮಿನೇ ಬಿಟ್ಟಿಲ್ಲ. ಸುಮ್ನಿರು.”

ಖಂಡೇಪೂಜೆಯ ಬೆಳಿಗ್ಗೆ ಸಾಯಗಾಂವದ ಭಾಲಚಂದ್ರನ ಅಂಗಳದಲ್ಲಿ ತೊಗರಿಕಟ್ಟಿಗೆಯ ಬಣವೆಯೊಂದು ಸರಿಯಿತು. ಒಳಗಿನಿಂದ ಬಿಳಿ ಜೀಪು ಹೊರಬಂತು. ಅದರ ಮೂತಿಯ ಮೇಲೆ ರಾಜರತ್ನನ ಕಾರಿನ ನೀಲಿ ಬಣ್ಣ ಇನ್ನೂ ಹಾಗೇ ಇತ್ತು. ಗಾಡಿಗೆ ಬಿದ್ದ ಚೆಂಡುಹೂವಿನ ಮಾಲೆಯ ಭಾರಕ್ಕೆ ಮುಂದಿನ ಗಾಲಿಗಳು ಎರಡು ಬೆರಳು ನೆಲಕ್ಕೆ ಇಳಿದವು. ಭಾಲಚಂದ್ರ ತಲೆಗೆ ಹೊಸ ಪಟಕ ಸುತ್ತಿ ಸ್ಟೇರಿಂಗ್ ಹಿಡಿದು ಕೂತ. ಅವನ ಹೆಂಡತಿ ಆರತಿ ಎತ್ತಿದಳು. ನೆರೆದ ಮಂದಿಯ ಹಿಂದಿನಿಂದ ಯಾರೋ ಕೂಗಿದರು:

“ಭಾರಿ ಚಂದ ಅದ ಗಾಡಿ! ಯಾರದ್ರಿ?”

“ಯಾರದಂದ್ರ? ನಂದೇ! ಏಳು ವರ್ಷ ಆತು ತಗೊಂಡು!” ಎಂದ ಭಾಲಚಂದ್ರ, ಗಾಲಿಯ ಕೆಳಗೆ ನಿಂಬೆಹಣ್ಣು ಪಚಕ್ಕೆನಿಸಿ.

ಮಂದಿ ಸರಿದಾಗ ಫೋನು ಎತ್ತಿ ಹಿಡಿದು ನಿಂತಿದ್ದ ರಾಜರತ್ನ ಕಾಣಿಸಿದ. ಫೋನಿನಲ್ಲಿ ಗಾಡಿ, ನಂಬರು, ಮಾಲೀಕ, ಆರತಿ ಎಲ್ಲವೂ ಮಾತಿನ ಸಮೇತ ಬಂದಿದ್ದವು. ಬದರುನ್ನಿಸಾ ಮೊದಲೇ ಅರ್ಜಿ ಕೊಟ್ಟಿದ್ದರಿಂದ ಪೊಲೀಸರು ರಸ್ತೆಯಲ್ಲೇ ಇದ್ದರು. ಜೀಪು ಮಾಲೆಯ ಸಮೇತ ಠಾಣೆಗೆ ಹೋಯಿತು. ಇಂಥ ಮೆರವಣಿಗೆಯಾಗುತ್ತದೆಂದು ಮೊದಲೇ ಗೊತ್ತಿದ್ದರೆ ರಾಜರತ್ನ ವಾಜಂತ್ರಿಯವರನ್ನೂ ಕರೆಸುತ್ತಿದ್ದ.

ಮರುದಿನ ವಿಜಯದಶಮಿ. ಧಮ್ಮದೀಕ್ಷೆಯ ದಿನವೆಂದು ಗಂಡಹೆಂಡತಿ ಬಿಳಿ ಬಟ್ಟೆ ಉಟ್ಟು ವಿಹಾರಕ್ಕೆ ಹೋಗಿ ಬಂದಿದ್ದರಷ್ಟೇ. ಸಂಜೆ ಭಾಲಚಂದ್ರ ಬಾಗಿಲಿಗೆ ಬಂದ. ಕೈಯಲ್ಲಿ ಬನ್ನಿ ಎಲೆ. ಅವತ್ತು ಬನ್ನಿ ಕೊಟ್ಟರೆ ವೈರಿಯೂ ತಗೊಂಡು ಅಪ್ಪಿಕೊಳ್ಳಬೇಕು, ಅದು ಪದ್ಧತಿ.

“ಬನ್ನಿ ತಗೋರಿ ಕಂಪೌಂಡರ್ ಸಾಬ. ಬಂಗಾರದಂಗ ಇರೋಣ. ಆ ಕೇಸ್ ಒಂದು...”

ರಾಜರತ್ನ ಎಲೆ ತೆಗೆದುಕೊಂಡ. ಅಪ್ಪಿಕೊಂಡ ಕೂಡ, ಪಕ್ಕೆಲುಬು ಲಟಕ್ಕೆನ್ನುವ ಹಾಗೆ. ಆಮೇಲೆ ಎಲೆಯನ್ನು ಕೇಸಿನ ಫೈಲಿನೊಳಗೆ ಇಟ್ಟು ದಾರ ಕಟ್ಟಿದ.

“ನಿಮ್ಮ ಬಂಗಾರ ಕೋರ್ಟಿಗಿ ಮುಟ್ಟಿಸ್ತೇನಿ. ಮೊದಲ ಆಕಿ ಮೊಣಕಾಲ ನೋಡಿ ಹೋಗ್ರಿ.”

ಭಾಲಚಂದ್ರ ಸುಭದ್ರಾಬಾಯಿಯ ಕಾಲು ನೋಡಲಾರದೆ ತನ್ನ ಚಪ್ಪಲಿ ನೋಡಿಕೊಂಡ. ಆಕೆಯೂ ಕೂತುಕೊಳ್ಳಿರಿ ಎನ್ನಲಿಲ್ಲ.

ಆ ಹಂಗಾಮೆಲ್ಲ ಜೀಪು ಠಾಣೆಯ ಅಂಗಳದಲ್ಲಿ ಕೊಳೆಯಿತು. ಹುಲ್ಲು ಎಷ್ಟು ಎತ್ತರ ಬೆಳೆಯಿತೆಂದರೆ ಅದರೊಳಗೆ ಎರಡು ಆಡು ಕಳೆದು ಮೂರಾಗಿ ಹೊರಬಂದವು. ಕಡೆಗೆ ಭಾಲಚಂದ್ರ ಜಾಮೀನು ಕಟ್ಟಿ ಗಾಡಿ ಬಿಡಿಸಿಕೊಂಡ. ತೀರ್ಪಾದ ಮೇಲೆ ಪೂರ್ತಿ ಪರಿಹಾರವನ್ನೂ ತೆತ್ತ. ಬೀದರಿನಲ್ಲಿ ಮೂರನೆಯ ಶಸ್ತ್ರಚಿಕಿತ್ಸೆಯಾಗಿ, ಸುಭದ್ರಾಬಾಯಿ ಈಗ ಕೋಲೂರಿ ಮೂರೂ ಮೆಟ್ಟಿಲನ್ನು ಒಬ್ಬಳೇ ಹತ್ತುತ್ತಾಳೆ.

“ಇನ್ನಾದ್ರೂ ಸಾಕ್ ಮಾಡ್ರಿ,” ಎಂದಳು ಆಕೆ.

ಅವನು ಸಾಕು ಮಾಡಿಲ್ಲ. ಪ್ರತಿ ಖಂಡೇಪೂಜೆಗೆ ನೀಲಿ ಕಾರಿನಲ್ಲಿ ಸಾಯಗಾಂವಕ್ಕೆ ಹೋಗುತ್ತಾನೆ. ಅಲ್ಲಿ ಈಗ ಕುಡುಗೋಲಿಗಿಂತ ಮೊದಲು, ಮಣೆಯ ಮೇಲೆ, ಜೀಪಿನ ವಿಮೆಯ ಕಾಗದಕ್ಕೆ ಕುಂಕುಮ ಬೀಳುತ್ತದೆ. ರಾಜರತ್ನ ಚಾಳೀಸು ಮೂಗಿಗೇರಿಸಿ, ಕುಂಕುಮ ಒರೆಸಿ, ತಾರೀಖು ಓದುತ್ತಾನೆ. ಭಾಲಚಂದ್ರ ಉಸಿರು ಬಿಗಿಹಿಡಿದು ನಿಂತಿರುತ್ತಾನೆ. ಚಹಾ ಬರುತ್ತದೆ. ರಾಜರತ್ನ ಅದನ್ನು ಮುಟ್ಟುವುದಿಲ್ಲ.